ಎರಡನೆಯ ಸಲ ಕೇಳದ ಊರು

"ಹ್ಯಾಂಗಿತ್ರಿ ಮಾಸ್ತರ, ಫಾರಿನ್ನು?" ಎಂದು ರೋಣದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈಗಲೂ ಯಾರಾದರೂ ಕೇಳುತ್ತಾರೆ. ನಾನು ಕುರಿನಾಯಿಯ ಕಥೆ ಹೇಳುತ್ತೇನೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಲ್ಲಿಗೆ ಮಾತು ಮುಗಿಸಿ ಎದ್ದು ಬರುತ್ತೇನೆ. ಆ ಪ್ರವಾಸದಲ್ಲಿ ನಗಲಿಕ್ಕೆ ಬರುವ ಭಾಗ ಹೆಚ್ಚಿಲ್ಲ. ಉಳಿದದ್ದನ್ನು ಬಾಯಿಂದ ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೋಣ

ಹೊಳೆಮಣ್ಣೂರಿಗೆ ಮಲಪ್ರಭೆ ನುಗ್ಗಿದ ವರ್ಷಕ್ಕೆ ಎರಡು ವರ್ಷ ಮೊದಲಿನ ಮಾತು. ನಾನು ಸವಡಿಯವನು, ರೋಣದ ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಕೊರಳಿಗೆ ಸೀಟಿ ಹಾಕಿಕೊಂಡು ಆ ಹೊತ್ತಿಗೆ ಇಪ್ಪತ್ತಾರು ವರ್ಷ ಮಕ್ಕಳನ್ನು ಓಡಿಸಿದ್ದೆ, ಬೈದಿದ್ದೆ. ಬೈಗುಳ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ನನ್ನ ಕೈಯಲ್ಲಿ ಓಡಿದವರಲ್ಲಿ ಒಬ್ಬನೇ ಒಬ್ಬ ನನಗೆ ಬೈಯುವ ಅವಕಾಶ ಕೊಡಲಿಲ್ಲ, ದಾವಲಸಾಬ.

ದಾವಲ ಗಜೇಂದ್ರಗಡದ ನೇಕಾರರ ಮಗ. ರೋಣದಲ್ಲಿ ಅಕ್ಕನ ಮನೆಯಲ್ಲಿದ್ದು ನಮ್ಮ ಸಾಲಿ ಕಲಿತ, ಆಮೇಲೆ ಊರಿಗೆ ಹೋಗಿ ಮಗ್ಗಕ್ಕೆ ಕೂತ. ಪಟ್ಟೇದ ಅಂಚಿನ ಸೀರೆ ನೇಯುವ ಮನೆ ಅವರದು. ಇಷ್ಟು ಎಳೆ ಕೆಂಪು, ಇಷ್ಟು ಎಳೆ ಹಳದಿ ಎಂಬ ಲೆಕ್ಕ ಅವನ ತಲೆಯಲ್ಲೇ ಇರುತ್ತಿತ್ತು. ಪಕ್ಕದಲ್ಲಿ ಕೂತು ಮಾತಾಡಿಸಿದರೂ ತಪ್ಪುತ್ತಿರಲಿಲ್ಲ. ಓಡುವುದನ್ನು ಮಾತ್ರ ಬಿಡಲಿಲ್ಲ. ನಸುಕಿನಲ್ಲಿ ಗುಡ್ಡ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಬೆವರೊರೆಸಿಕೊಂಡು ಮಗ್ಗಕ್ಕೆ ಕೂಡುವವನು. ಆಗ ಅವನಿಗೆ ಇಪ್ಪತ್ನಾಲ್ಕು ವರ್ಷ.

ಅವನು ಓಡುವ ಆ ಕಾಲಕಾಲೇಶ್ವರನ ಗುಡ್ಡಕ್ಕೆ ಮನೆಯವರೊಡನೆ ಬಂದಿದ್ದ ಡಾಕ್ಟರ್ ಸುನಂದಾ ಅವನ ಓಟ ನೋಡಿದರು. ನರಗುಂದದ ದಲಾಲಿ ಅಂಗಡಿಯವರ ಮಗಳು ಅವರು. ಸ್ಕಾಟ್ಲೆಂಡಿನಲ್ಲಿ ದೂರದ ಓಟಗಾರರ ರಕ್ತದ ಮೇಲೆ ಸಂಶೋಧನೆ ಮಾಡುತ್ತಿದ್ದರು. ದಾವಲನ ಬೆನ್ನು ಹತ್ತಿ ನನ್ನ ತನಕ ಬಂದರು.

"ಮೆದುಳಿಗೆ ಪೆಟ್ಟಾದ್ರ ಅದರೊಳಗಿನ ಒಂದು ಪ್ರೋಟೀನು ರಕ್ತಕ್ಕ ಸೋರತೈತ್ರಿ ಮಾಸ್ತರ," ಎಂದರು. "ಬಿದ್ದು ತಲಿ ಒಡಕೊಂಡೋರ ರಕ್ತದಾಗ ಸಿಗತೈತಿ. ಈಗ ನೋಡಿದ್ರ, ಭಾಳ ದೂರ ಓಡಿದೋರ ರಕ್ತದಾಗೂ ಸಿಗಾಕತ್ತೈತಿ. ಅವರು ಬಿದ್ದಿರೂದಿಲ್ಲ, ಬಡಕೊಂಡಿರೂದಿಲ್ಲ. ಅದು ಖರೇನ ಮೆದುಳಿಂದ ಬಂತೋ, ಬರೇ ದಣದ ಮೈಯಿಂದ ಬಂತೋ, ಅದು ಗೊತ್ತಾಗಬೇಕಾಗೈತಿ."

ಬಿಸಿಲು ನಾಡಿನ ಓಟಗಾರನೊಬ್ಬ ಅವರಿಗೆ ಬೇಕಾಗಿದ್ದ. ಅಲ್ಲಿಯ ಗುಡ್ಡಗಳಲ್ಲಿ ಅರವತ್ತು ಕಿಲೋಮೀಟರಿನ ಓಟ. ಓಡುವ ಮೊದಲು ಒಮ್ಮೆ ರಕ್ತ, ಮುಗಿದ ಕೂಡಲೇ ಒಮ್ಮೆ, ಮರುದಿನ ಒಮ್ಮೆ. ಹೋಗಿಬರುವ ವ್ಯವಸ್ಥೆಯೆಲ್ಲ ಸಂಶೋಧನೆಯವರದು. ದಾವಲನಿಗೆ ಇಂಗ್ಲಿಷು ಬಾರದು, ಹಾಗಾಗಿ ಜೊತೆಗೆ ನಾನು.

ಹೊರಡುವ ದಿನ ಅವನ ತಾಯಿ ಖಾದರಬಿ ರೋಣದ ತನಕ ಬಂದಿದ್ದರು. ಬಸ್ಸು ಹೊರಟಾಗ ಕಿಟಕಿಯ ಸರಳು ಹಿಡಿದು ಅಂದರು: "ನಿಮ್ಮ ಕೈಯಾಗ ಕೊಟ್ಟೇನ್ರಿ ಮಾಸ್ತರ. ಅವಗ ಅಲ್ಲೀ ಮಾತು ಬರೂದಿಲ್ಲ. ಅವನ ಬಾಯಿ ನೀವ."

"ಚಿಂತಿ ಬಿಡ್ರಿ ಅವ್ವಾರ. ಹ್ಯಾಂಗ ಒಯ್ದೇನೋ ಹಾಂಗ ತಂದು ಒಪ್ಪಸ್ತೀನಿ," ಎಂದೆ ನಾನು, ಜಂಬದಿಂದ.

ಮೊದಲ ಸಂಜೆ

ಆ ಊರಿನ ಹೆಸರು ಹೇಳುವುದಿಲ್ಲ. ಆ ಊರಿನ ತಪ್ಪೇನೂ ಇಲ್ಲ. ಕಲ್ಲಿನ ಮನೆಗಳು, ಹಸಿರು ಗುಡ್ಡಗಳು, ಗುಡ್ಡದ ತುಂಬ ಮಣ್ಣಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು. "ನಮ್ಮ ಗಡದ ಗ್ವಾಡಿ ಹಾಂಗ ಅದಾವಲ್ರಿ," ಎಂದು ದಾವಲ ಖುಷಿಪಟ್ಟ. ಮೇ ತಿಂಗಳು. ನಮ್ಮಲ್ಲಿ ಕರಿ ಹೊಲ ಬಾಯಿ ಬಿಟ್ಟಿರುವ ಹೊತ್ತು. ಅಲ್ಲಿ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡರೂ ಹಲ್ಲು ಕಟಕಟ. ಸಂಜೆ ಒಂಬತ್ತಾದರೂ ಹೊತ್ತು ಮುಳುಗದು. ದಾವಲ ಮಗರಿಬ್ ನಮಾಜಿಗೆ ಕಾದು ಕಾದು ಆಕಳಿಸುತ್ತಿದ್ದ.

ನಮ್ಮನ್ನು ಇಳಿಸಿದ್ದು ಒಬ್ಬ ವಿಧವೆಯ ಮನೆಯಲ್ಲಿ. ಎಪ್ಪತ್ತರ ಆಸುಪಾಸಿನ ಅಜ್ಜಿ, ಬೆಣ್ಣೆಯಂಥ ಮನಸ್ಸು. ನಾವು ಬಂದು ಕೂತ ಕೂಡಲೇ ಚಹಾ, ಕೇಕು, ಹಾಲು ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಬಂದು, ತಗೊಳ್ಳುತ್ತೀರಾ ಎಂದು ಕೇಳಿದರು. ಮುಂಜಾನೆಯಿಂದ ಸರಿಯಾಗಿ ತಿಂದಿರಲಿಲ್ಲ. ಆದರೂ ಮರ್ಯಾದೆ ಎಂಬುದೊಂದು ಇದೆಯಲ್ಲ. ಎದೆಯ ಮೇಲೆ ಕೈಯಿಟ್ಟು, "ನೋ ನೋ, ಥ್ಯಾಂಕ್ಯೂ," ಎಂದೆ. ಅಜ್ಜಿ ನಕ್ಕು, ಆಗಲಿ ಎಂದು ತಟ್ಟೆಯನ್ನು ಎತ್ತಿಕೊಂಡು ಒಳಗೆ ನಡೆದರು.

ದಾವಲ ಬಾಗಿಲು ನೋಡಿದ, ನನ್ನ ಮುಖ ನೋಡಿದ. "ಮಾಸ್ತರ, ಖರೇನ ಒಯ್ದರಲ್ರಿ!"

ನಮ್ಮಲ್ಲಿ ಮೊದಲನೆಯ ಒಲ್ಲೆ ಮರ್ಯಾದೆಗೆ, ಎರಡನೆಯದು ಎದುರಿನವರ ಮನಸ್ಸು ನೋಡಲಿಕ್ಕೆ, ಮೂರನೆಯದನ್ನು ಬೇಕಾದರೆ ನಂಬಬಹುದು. ಒತ್ತಾಯ ಮಾಡದೆ ಉಣಬಡಿಸಿದವರನ್ನು ಸವಡಿಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಆ ಸಂಜೆ ಚೀಲ ಬಿಚ್ಚಿ ಖಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ರೊಟ್ಟಿ ಮುರಿಯುವ ಸಪ್ಪಳ ಅಜ್ಜಿಗೆ ಕೇಳೀತೆಂದು ಟವೆಲ್ಲಿನಲ್ಲಿ ಸುತ್ತಿ ಮುರಿದೆವು.

ಮರುದಿನ ಸುನಂದಾ ಇದನ್ನು ಕೇಳಿ ಕಣ್ಣೀರು ಬರುವಂತೆ ನಕ್ಕರು. "ಇಲ್ಲಿ ಒಂದ ಸಲ ಕೇಳತಾರ್ರಿ ಮಾಸ್ತರ. ಒಲ್ಲೆ ಅಂದ್ರ ಮುಗೀತು. ಬೇಕಿದ್ರ ಬೇಕು ಅಂದುಬಿಡ್ರಿ."

ಅಂದಿನಿಂದ ಅಜ್ಜಿ ಬಾಯಿ ತೆರೆಯುವ ಮೊದಲೇ ನಾನು "ಎಸ್" ಎನ್ನುತ್ತಿದ್ದೆ. ಪಾಠ ತಲೆಗೆ ಹೋಯಿತು ಎಂದುಕೊಂಡೆ. ಅದು ಹೊಟ್ಟೆಯ ಮಟ್ಟಿಗೆ ಮಾತ್ರ ಹೋಗಿತ್ತು.

ಕುರಿನಾಯಿ

ಮೂರನೆಯ ದಿನ ಗುಡ್ಡದ ಬುಡದಲ್ಲಿ ದಾವಲನನ್ನು ಓಡಿಸುತ್ತಿದ್ದೆ. ಅಭ್ಯಾಸಬಲ, ಸೀಟಿ ಊದಿದೆ. ಎಲ್ಲಿತ್ತೋ ಏನೋ, ಕಪ್ಪು ಬಿಳಿ ನಾಯಿಯೊಂದು ಗೋಡೆ ಹಾರಿ ಬಂದು ನನ್ನ ಕಾಲ ಬಳಿ ಮಲಗಿ, ಮುಂದೇನಪ್ಪಣೆ ಎಂಬಂತೆ ನೋಡಿತು. ಗಾಬರಿಯಾಗಿ ಮತ್ತೊಮ್ಮೆ ಊದಿದೆ. ನಾಯಿ ಎದ್ದು ಸುತ್ತುಹಾಕಿ ಓಡಿ, ದಾವಲನನ್ನು ಅಡ್ಡಗಟ್ಟಿ, ನನ್ನ ಕಡೆ ಅಟ್ಟಿಕೊಂಡು ಬಂತು! ಅಲ್ಲಿಯ ಕುರುಬರು ನಮ್ಮವರಂತೆ ಕೂಗಿ ಕುರಿ ಕಾಯುವುದಿಲ್ಲ. ಸೀಟಿ ಊದುತ್ತಾರೆ, ನಾಯಿ ಕುರಿ ಅಟ್ಟಿ ತರುತ್ತದೆ. ನಾಯಿಯ ಒಡೆಯ ಬಂದು ಕ್ಷಮೆ ಕೇಳಿದ. ದಾವಲ ನೆಲದ ಮೇಲೆ ಕೂತು ನಗುತ್ತಿದ್ದ. "ಇಪ್ಪತ್ತಾರು ವರ್ಷದಾಗ ನಿಮ್ಮ ಸೀಟಿಗೆ ಇಷ್ಟು ಲಗೂ ಯಾರೂ ಬಂದಿರಲಿಲ್ಲ ನೋಡ್ರಿ," ಎಂದ. ಅವನ ಆ ನಗು ನನಗೆ ಈಗಲೂ ಕಿವಿಯಲ್ಲಿದೆ.

ಅದೇ ದಿನ ಸುನಂದಾ ಓಟದ ನಿಯಮಗಳನ್ನು ತಿಳಿಸಿಕೊಟ್ಟರು. ದಾರಿಯುದ್ದಕ್ಕೂ ನೀರಿನ ಮೇಜುಗಳಿರುತ್ತವೆ ಎಂದರು. "ಬಾಯಾರಿದ್ರ ಅಷ್ಟ ಕುಡಿ ದಾವಲ. ಇಲ್ಲಿ ಥಂಡಿ ಐತಿ, ಬೆವರ ಕಡಿಮಿ," ಎಂದೂ ಎಂದರು.

ಅವರು ಹೋದ ಮೇಲೆ ನಾನು ಅದನ್ನು ತಿದ್ದಿದೆ. ಹೌದು, ತಿದ್ದಿದೆ! ಹಿಂದೊಮ್ಮೆ ಜಿಲ್ಲೆಯ ಆಟದಲ್ಲಿ ಚಿಕ್ಕನರಗುಂದದ ಓಟಗಾರನೊಬ್ಬ ಬಿಸಿಲಿಗೆ ಕುಸಿದು ಬಿದ್ದು, ನಾಲಿಗೆ ಒಣಗಿ, ನನ್ನ ತೊಡೆಯ ಮೇಲೆ ಕಣ್ಣು ಮೇಲೆ ಮಾಡಿದ್ದ. ಹೇಗೋ ಉಳಿದ. ಅಂದಿನಿಂದ ನೀರಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. "ಡಾಕ್ಟರ್ ಹೇಳೂದು ಇಲ್ಲಿಯವರಿಗೆ. ಬಾಯಾರೂದಕ್ಕಿಂತ ಮದಲ ಕುಡೀಬೇಕು. ಕೊಟ್ಟಲ್ಲೆಲ್ಲಾ ಕುಡಿ, ತಿಳೀತಿಲ್ಲೋ?" ಎಂದೆ.

"ಕೊಟ್ಟದ್ದು ಬ್ಯಾಡ ಅನ್ನಾಕ ನನಗೂ ಬರೂದಿಲ್ರಿ," ಎಂದ ದಾವಲ. ಮನೆಗೆ ಯಾರು ಬಂದರೂ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ನೀರು ಕೊಟ್ಟ ಕೈಯನ್ನು ಬರಿದೇ ತಿರುಗಿಸಬಾರದು. ಖಾದರಬಿ ಅವನನ್ನು ಹಾಗೇ ಬೆಳೆಸಿದ್ದರು, ನನ್ನ ತಾಯಿ ನನ್ನನ್ನು ಬೆಳೆಸಿದ್ದೂ ಹಾಗೇ.

ಓಟದ ದಿನ

ಜಿಟಿಜಿಟಿ ಮಳೆ. ಬೆಳಿಗ್ಗೆ, ಓಟ ಶುರುವಾಗಿ ಅಲ್ಲೇ ಮುಗಿಯುವ ಬಯಲಿನಲ್ಲಿ, ಸಂಶೋಧನೆಯವರ ಡೇರೆಯಲ್ಲಿ ತೂಕ ನೋಡಿದರು, ರಕ್ತ ತೆಗೆದರು. ದಾವಲ ತೋಳು ಏರಿಸಿ, ಮುಷ್ಟಿ ಬಿಗಿದು, ಸೂಜಿಯನ್ನು ನೆಟ್ಟಗೆ ನೋಡುತ್ತ ಕೂತ. ಕೆಂಪು ಕೂದಲಿನ ನರ್ಸು ಭೇಷ್ ಎಂದಳು.

ಸುನಂದಾ ಅವರ ಕಾರಿನಲ್ಲಿ ಕೂತು ನಾನು ಐದಾರು ಕಡೆ ಅವನನ್ನು ನೋಡಿದೆ. ನೀರಿನ ಮೇಜುಗಳ ಹಿಂದೆ ಊರಿನ ಮುದುಕಿಯರು, ಶಾಲೆಯ ಹುಡುಗಿಯರು, ಪಾದ್ರಿ ಎಲ್ಲ ಮಳೆಯಲ್ಲಿ ನಿಂತು ಲೋಟ ಚಾಚುತ್ತಿದ್ದರು. ಉಳಿದ ಓಟಗಾರರು ಕೈ ಬೀಸಿ ಮುಂದೆ ಹೋಗುತ್ತಿದ್ದರು, ಇಲ್ಲವೇ ಒಂದು ಗುಟುಕು ಕುಡಿದು ಎಸೆಯುತ್ತಿದ್ದರು. ನಮ್ಮ ದಾವಲ ನಿಂತು, ಎರಡು ಕೈ ಚಾಚಿದ್ದರೆ ಎರಡೂ ಲೋಟ ತಗೊಂಡು, ತಳ ಕಾಣುವ ತನಕ ಕುಡಿದು, ತಲೆಬಾಗಿಸಿ ಓಡುತ್ತಿದ್ದ. ಮುದುಕಿಯರಿಗೆ ಅವನೆಂದರೆ ಅಚ್ಚುಮೆಚ್ಚಾಯಿತು. ಚಪ್ಪಾಳೆ ತಟ್ಟಿದರು. ನನಗೆ ಎದೆ ಉಬ್ಬಿತು. ನೋಡ್ರಪಾ, ನಮ್ಮ ಹುಡುಗನ ನಡತಿ ಅಂದ್ರ ಇದು, ಎಂದುಕೊಂಡೆ.

ಅರ್ಧ ದಾರಿಯ ತನಕ ಮುಂದಿನ ಗುಂಪಿನಲ್ಲಿದ್ದವನು ಆಮೇಲೆ ಹಿಂದೆ ಬೀಳತೊಡಗಿದ. ಅಷ್ಟರಲ್ಲಿ ಗುಡ್ಡದ ಆಚೆ ಒಬ್ಬಳು ಓಟಗಾರ್ತಿ ಕಾಲು ಮುರಿದುಕೊಂಡಳೆಂದು ಸುದ್ದಿ ಬಂತು. ಸುನಂದಾ ನನ್ನನ್ನು ಓಟ ಮುಗಿಯುವಲ್ಲಿ ಇಳಿಸಿ ಅತ್ತ ಹೋದರು.

ದಾವಲ ಬಂದಾಗ ಓಡುತ್ತಿರಲಿಲ್ಲ, ನಡೆಯುತ್ತಿದ್ದ. ಮುಖ ಊದಿಕೊಂಡಂತಿತ್ತು. ಬೆರಳಿನ ಬೆಳ್ಳಿ ಉಂಗುರ ಮಾಂಸದಲ್ಲಿ ಹೂತಿತ್ತು. ಥಂಡಿಗೆ ಹೀಗೆ, ಎಂದುಕೊಂಡೆ. ಡೇರೆಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. "ತಲಿ ಸಿಡ್ಯಾಕತ್ತೈತ್ರಿ," ಎಂದ. ಒಮ್ಮೆ ವಾಂತಿ ಮಾಡಿದ. ಬರೀ ನೀರು.

ಕೆಂಪು ಕೂದಲಿನ ನರ್ಸು ತಟ್ಟೆ ಹಿಡಿದು ಬಂದಳು. ಈಗ ಎರಡನೆಯ ರಕ್ತ ತೆಗೆಯಬಹುದೇ ಎಂದು ನನ್ನನ್ನು ಕೇಳಿದಳು. ದಾವಲನಿಗೆ ಮಾತು ತಿಳಿಯದಿದ್ದರೂ ತಟ್ಟೆ ಕಂಡು ತಾನೇ ತೋಳು ಏರಿಸಿದ.

ನಾನು ಆ ತೋಳನ್ನು ಕೆಳಗೆ ಎಳೆದೆ.

ಈಗಷ್ಟೇ ನೊಗ ಬಿಚ್ಚಿದ ಎತ್ತಿನ ಮೈಯಿಂದ ಯಾರಾದರೂ ರಕ್ತ ತೆಗೆಯುತ್ತಾರೆಯೇ? ಇದ್ದಷ್ಟು ಬಲವೂ ಹೋಗುತ್ತದೆ ಎಂಬುದು ನನ್ನ ಬುದ್ಧಿ. "ನೋ, ನೋ. ಟುಮಾರೋ," ಎಂದೆ. ಖರೆ ಹೇಳುತ್ತೇನೆ, ಅದು ನನ್ನ ಮೊದಲನೆಯ ಒಲ್ಲೆ. ಆಕೆ ಸ್ವಲ್ಪೇ ಸ್ವಲ್ಪ ಎನ್ನಬೇಕು, ನಾನು ದಣಿದಿದ್ದಾನೆ ಎನ್ನಬೇಕು, ಎರಡೇ ನಿಮಿಷ ಎಂದು ಆಕೆ ಮತ್ತೆ ಕೇಳಬೇಕು, ಆಗ ನಾನು ಆಯ್ತು ತಗೋರ್ರಿ ಎನ್ನಬೇಕು. ನನ್ನೊಳಗೆ ಮಾತು ಹಾಗೆ ಸಾಲಾಗಿ ನಿಂತಿತ್ತು. ಆಕೆ ನಕ್ಕಳು, ಅಡ್ಡಿಯಿಲ್ಲ ಎಂದಳು, ಕಾಗದದ ಮೇಲೆ ಒಂದು ಗೆರೆ ಎಳೆದು ಮುಂದಿನ ಕುರ್ಚಿಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ! ನಾನು ಬಾಟಲಿಯ ಮುಚ್ಚಳ ತೆಗೆದು ದಾವಲನ ಬಾಯಿಗೆ ಹಿಡಿದೆ. ಅವನು ಮುಖ ತಿರುಗಿಸಿದ. "ಒಲ್ಲೆ ಮಾಸ್ತರ," ಎಂದ. ಹತ್ತು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಒಲ್ಲೆ ಅದು. ನಾನು ಕೇಳಿದೆನೇ? "ಕುಡಿಯೋ, ನೀರಿಲ್ಲದ ಹಿಂಗಾಗೈತಿ," ಎಂದೆ. ಮತ್ತೆ ಒಲ್ಲೆ ಎಂದ. "ನನ್ನ ಮಾತಿಗೆ ಬೆಲಿ ಇಲ್ಲೇನು?" ಎಂದು ಬೈದೆ. ಅವನು ಬಾಟಲಿ ತಗೊಂಡು ಕುಡಿದ. ತಳ ಕಾಣುವ ತನಕ.

ಆಸ್ಪತ್ರೆ

ಅಜ್ಜಿಯ ಮನೆಗೆ ಬಂದಾಗ ಸಂಜೆ ಐದಾಗಿತ್ತು. ದಾವಲ ಕುರ್ಚಿಯಲ್ಲಿ ಕೂತು ಚಹಾದ ಚಮಚವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ದಾಟಿಸತೊಡಗಿದ. "ಲಾಳಿ ಓಡವಲ್ದು. ಎಳಿ ಎಷ್ಟಾದವ್ರಿ?" ಎಂದು ನನ್ನನ್ನು ಕೇಳಿದ. ಮಗ್ಗದ ಲಾಳಿ! ತಮಾಷೆ ಮಾಡುತ್ತಿದ್ದಾನೆಂದು ನಾನು ನಕ್ಕೆ. ಮರುಕ್ಷಣ ಕಣ್ಣು ತಿರುಗಿಸಿ ನೆಲಕ್ಕೆ ಬಿದ್ದು ಒದ್ದಾಡತೊಡಗಿದ. ಅಜ್ಜಿಯೇ ಫೋನಿಗೆ ಓಡಿದ್ದು. ನಾನು ಅವನ ತಲೆ ಹಿಡಿದುಕೊಂಡು ಯಪ್ಪಾ, ಯಪ್ಪಾ ಎನ್ನುತ್ತಿದ್ದೆ.

ಎರಡು ದಿನ ಅವನಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಕೂತೆ. ಅಜ್ಜಿ ಬಂದು ಚಹಾ ಬೇಕೇ ಎಂದರು. ಒಲ್ಲೆ ಎಂದೆ, ಆ ಸಲ ಮರ್ಯಾದೆಗಲ್ಲ. ಅವರು ಮತ್ತೆ ಕೇಳದೆ ನನ್ನ ಪಕ್ಕದಲ್ಲಿ ಕೈ ಹಿಡಿದುಕೊಂಡು ಕೂತರು. ಅಂದು ಎರಡನೆಯ ಸಲ ಕೇಳದಿದ್ದದ್ದು ಉಪಕಾರವಾಯಿತು.

ಸುನಂದಾ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ನೀರು ಹೆಚ್ಚಾಗಿ ರಕ್ತದ ಉಪ್ಪು ತೆಳುವಾಗಿತ್ತು, ಮೆದುಳು ಬಾತಿತ್ತು. ಮೆದುಳಿಂದ ಸೋರುವ ಆ ಪ್ರೋಟೀನು, ಆಸ್ಪತ್ರೆಯಲ್ಲಿ ತೆಗೆದ ಅವನ ರಕ್ತದಲ್ಲಿ, ಓಟದ ದಿನ ಬೆಳಿಗ್ಗೆ ಇದ್ದದ್ದಕ್ಕಿಂತ ಬಹಳ ಏರಿತ್ತು. "ಓಡಿದೋರಿಗೆಲ್ಲಾ ಅದು ಒಂದೀಟು ಏರತೈತ್ರಿ. ಇವಂದು ಹಂತಾದ್ದಲ್ಲ," ಎಂದರು.

"ಡೇರೇದಾಗ ರಕ್ತ ತಗದಿದ್ರ?" ಎಂದು ಕೇಳಿದೆ. ಕೇಳಬಾರದಿತ್ತು.

"ಪ್ರೋಟೀನಿನ ಲೆಕ್ಕಕ್ಕ ಒಂದು ದಿನ ಹಿಡೀತಿತ್ತು. ಆದ್ರ ಅದ ರಕ್ತದಾಗ ಉಪ್ಪು ನೋಡೂ ಸಣ್ಣ ಮಷೀನು ಡೇರೇದಾಗ ಇತ್ರಿ. ಎರಡು ನಿಮಿಷದ ಕೆಲಸ. ಗೊತ್ತಾಗಿದ್ರ ಅಲ್ಲೇ ನೀರ ಬಂದ್ ಮಾಡಿ ಔಷಧ ಸುರು ಮಾಡತಿದ್ವಿ."

ನಾನು ಮುಖ ಮುಚ್ಚಿಕೊಂಡೆ.

"ನಿಮ್ಮೊಬ್ಬರ ತಪ್ಪಲ್ರಿ," ಎಂದರು. "ಒಲ್ಲೆ ಅಂದೋರನ್ನ ಎರಡನೇ ಸಲ ಕೇಳಬಾರದು ಅಂತ ನಿಯಮ ಬರದಾಕಿ ನಾನ. ಚಲೋ ನಿಯಮ ಅದು. ಒತ್ತಾಯಕ್ಕ ಮಣದು ರಕ್ತ ಕೊಡೂ ಪ್ರಸಂಗ ಯಾರಿಗೂ ಬರಬಾರದು. ಆದ್ರ ನಾ ನರಗುಂದದಾಕಿ. ನಮ್ಮೋರ ಒಲ್ಲೆ ಹ್ಯಾಂಗಿರತೈತಿ ಅಂತ ನನಗ ಗೊತ್ತಿರಬೇಕಿತ್ತು. ಚಹಾದ ಮಾತಿಗೆ ನಕ್ಕು ಬಿಟ್ಟುಬಿಟ್ಟೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇಬ್ಬರೂ ಬುದ್ಧಿವಂತರೇ, ಇಬ್ಬರೂ ತಡ.

ಮೂರನೆಯ ದಿನ ದಾವಲ ಕಣ್ಣು ಬಿಟ್ಟ. "ಓಟ ಯಾವಾಗ್ರಿ?" ಎಂದ. ಓಡಿದ್ದೇ ಅವನಿಗೆ ಗೊತ್ತಿರಲಿಲ್ಲ. ಆ ದಿನದ್ದು ನೆನಪು ಬರಲಿಕ್ಕಿಲ್ಲ ಎಂದು ಸುನಂದಾ ಹೇಳಿದರು. ಅದನ್ನು ಕೇಳಿ ನನ್ನ ಎದೆ ಹಗುರಾಯಿತು. ಆ ಹಗುರವನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಗಜೇಂದ್ರಗಡ

ಹೇಗೆ ಒಯ್ದಿದ್ದೆನೋ ಹಾಗೆ ತಂದು ಒಪ್ಪಿಸಲಿಲ್ಲ. ನಡೆಯುತ್ತಿದ್ದ, ಮಾತಾಡುತ್ತಿದ್ದ, ಉಣ್ಣುತ್ತಿದ್ದ. ಗುಡ್ಡದ ಕಡೆ ಹೋಗುವುದನ್ನು ಬಿಟ್ಟ. ಮಗ್ಗಕ್ಕೆ ಕೂತರೆ ಲೆಕ್ಕ ತಪ್ಪುತ್ತಿತ್ತು. ಕೆಂಪು ಎಳೆ ಎಷ್ಟಾದವೆಂದು ತಿಳಿಯದೆ ಲಾಳಿ ಹಿಡಿದು ಕೂತುಬಿಡುತ್ತಿದ್ದ. ಅವನ ಅಣ್ಣ ಬಂದು ಬಿಚ್ಚಿ ಸರಿಮಾಡುತ್ತಿದ್ದ. ಖಾದರಬಿಗೆ ನಾನು ಹೇಳಿದ್ದು ಇಷ್ಟೇ: "ಓಟದಾಗ ನೀರ ಹೆಚ್ಚಾತ್ರಿ ಅವ್ವಾರ." ತೋಳು ಎಳೆದದ್ದನ್ನು ಹೇಳಲಿಲ್ಲ. ಅವರು ಅಲ್ಲಾನ ಇಚ್ಛೆ ಎಂದರು, ನನಗೆ ನೀರು ಬೆಲ್ಲ ತಂದಿಟ್ಟರು. ಆ ತಂಬಿಗೆ ಮುಟ್ಟದೆ ಎದ್ದು ಬಂದೆ.

ದೀಪಾವಳಿಯ ಹೊತ್ತಿಗೆ ಸುನಂದಾ ರಜೆಯ ಮೇಲೆ ನರಗುಂದಕ್ಕೆ ಬಂದವರು ನನ್ನನ್ನು ಕರೆದುಕೊಂಡು ದಾವಲನ ಮನೆಗೆ ಹೋದರು. ಸೂಜಿ, ನಳಿಗೆ, ಐಸಿನ ಡಬ್ಬಿ ತಂದಿದ್ದರು. ಮಗ್ಗದ ಪಕ್ಕದಲ್ಲೇ ಚಾಪೆಯ ಮೇಲೆ ಕೂತೆವು.

"ಇನ್ನೊಮ್ಮೆ ರಕ್ತ ಕೊಡ್ತೀ ಏನು ದಾವಲ?" ಎಂದು ಅವರು ಕೇಳಿದರು. "ಆ ಪ್ರೋಟೀನು ಇಷ್ಟೊತ್ತಿಗೆ ಇಳದಿರಬೇಕು. ಇಳದೈತಿ ಅಂತ ನೋಡಿದ್ರ ಮನಸಿಗೆ ಸಮಾಧಾನ. ಎಳಿ ಲೆಕ್ಕ ತಿರುಗಿ ಬರತೈತೋ ಇಲ್ಲೋ, ಅದನ್ನ ರಕ್ತ ಹೇಳೂದಿಲ್ಲಪಾ. ಸುಳ್ಳು ಹೇಳಂಗಿಲ್ಲ ನಾನು."

ದಾವಲ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ, "ಒಲ್ಲೆ ಬಿಡ್ರಿ," ಎಂದ.

ಸುನಂದಾ ತಲೆಯಾಡಿಸಿ, ಡಬ್ಬಿಯ ಮುಚ್ಚಳ ಹಾಕಿ, ನನ್ನ ಕಡೆ ನೋಡಿದರು. ತಮ್ಮ ನಿಯಮವನ್ನು ಅವರು ಮುರಿಯುವವರಲ್ಲ. ನಾನು ಅವರ ಸಂಶೋಧನೆಯವನಲ್ಲ, ಆ ನಿಯಮ ನನಗಿಲ್ಲ. ಹೇಗೋ ಮಾಡಿ ಕೇಳಿದೆ.

"ದಾವಲಾ, ನಾ ಇನ್ನೊಮ್ಮೆ ಕೇಳತೀನಿ. ಕೊಡ್ತೀ ಏನಪಾ? ನೀ ಹೂಂ ಅಂದ್ರ ಅಷ್ಟ."

ಅವನು ಲಾಳಿಯನ್ನು ಕೆಳಗಿಟ್ಟ. ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ, ನಿಧಾನವಾಗಿ, ಮಡಿಕೆಯ ಮೇಲೆ ಮಡಿಕೆ ಮಾಡಿ ಏರಿಸಿದ. ಮುಷ್ಟಿ ಬಿಗಿದು ಕೈಯನ್ನು ಡಾಕ್ಟರ ಕಡೆ ಚಾಚಿದ. ಕಣ್ಣು ಮಾತ್ರ ನನ್ನ ಕಡೆ ಇತ್ತು.

"ಈ ಸಲ ತೋಳ ಇಳಸಬ್ಯಾಡ್ರಿ ಮಾಸ್ತರ," ಎಂದ. ಮರೆತಿದ್ದಾನೆಂದು ನಾನು ನಂಬಿದ್ದ ಆ ಡೇರೆ ಅವನಿಗೆ ನೆನಪಿತ್ತು.

ಖಾದರಬಿ ತಂಬಿಗೆ ಹಿಡಿದುಕೊಂಡು ಒಳಗಿನಿಂದ ಬಂದರು.